ಇಪ್ಪತ್ತು ಸೊನ್ನೆಗಳು

ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ ಅವಳು ಎದ್ದು ಹಿಂದಿನ ಬಾಲ್ಕನಿಗೆ ಹೋದಾಗ ಬಟ್ಟೆ ಒಣಹಾಕುವ ತಂತಿಯ ಮೇಲೆ, ಎರಡು ಟವೆಲ್ಲುಗಳ ನಡುವೆ, ಒಂದು ಕಪ್ಪು ಎಲಾಸ್ಟಿಕ್ ಬೆಲ್ಟು ತೂಗುತ್ತಿತ್ತು. ಮಗುವಿನ ಸೊಂಟದ ಅಳತೆಯ ಬೆಲ್ಟು. ದೊಡ್ಡವರಿಗೆ ಸಾಲದ್ದರಿಂದ ಅವಳ ಗಂಡ ಅದರ ಒಂದು ತುದಿಗೆ ತನ್ನ ಹಳೆಯ ಪೈಜಾಮದ ಲಾಡಿಯನ್ನು ಗಂಟು ಹಾಕಿ ಉದ್ದ ಮಾಡಿಕೊಂಡಿದ್ದ. ಬಿಳಿ ಲಾಡಿ ಒಗೆದು ಇನ್ನಷ್ಟು ಬೆಳ್ಳಗಾಗಿತ್ತು. ಅವಳು ಅದನ್ನು ನೋಡುತ್ತ ನಿಂತಳು. ಏನಾದರೂ ಅನಿಸಬೇಕಿತ್ತು. ಹತ್ತು ದಿನಗಳಿಂದ ಅವಳು ಹೀಗೆಯೇ ಒಂದೊಂದು ವಸ್ತುವಿನ ಮುಂದೆ ನಿಂತು, ಇದಾದರೂ ಅಳಿಸುತ್ತದೆಯೇ ಎಂದು ಕಾದು, ಆಮೇಲೆ ಮುಂದಕ್ಕೆ ಹೋಗುತ್ತಿದ್ದಳು. ಹಲ್ಲುಜ್ಜುವ ಬ್ರಷ್ಷು, ಚಪ್ಪಲಿ, ಅರ್ಧ ಓದಿ ಮಗುಚಿಟ್ಟ ಪುಸ್ತಕ. ಯಾವುದೂ ಅಳಿಸಲಿಲ್ಲ. ಬೆಲ್ಟಿಗೆ ಎರಡು ಕ್ಲಿಪ್ಪು ಹಾಕಿರುವುದು ಕಾಣಿಸಿತು. ಅಷ್ಟು ಹಗುರದ್ದಕ್ಕೆ ಒಂದೇ ಸಾಕಿತ್ತು.

"ಅತ್ತೆ, ಇದನ್ನ ಒಗೆದಿದೀರಾ?"

"ಬೆವರು ವಾಸನೆ ಹೊಡೀತಿತ್ತು," ಎಂದರು ಅತ್ತೆ ಅಡುಗೆಮನೆಯಿಂದ. "ಆಸ್ಪತ್ರೆಯವರು ಕೊಟ್ಟ ಚೀಲದಲ್ಲಿತ್ತು. ವಾಚು, ಉಂಗುರ, ಇದು. ನಿನ್ನೆ ಎಲ್ಲರೂ ಹೋದ್ಮೇಲೆ ಕೈಗೆ ಕೆಲಸ ಇರ್ಲಿಲ್ಲ, ಒಗೆದು ಹಾಕಿದೆ. ಒಗೀಬಾರದಿತ್ತಾ?"

"ಒಗೀಬಹುದು. ಅದರಲ್ಲಿದ್ದ ಡಬ್ಬಿ?"

"ಅದನ್ನ ಅವತ್ತೇ ಬಿಚ್ಚಿಟ್ಟೆ. ನೀರು ತಾಗಿಸಬೇಡ ಅಂತ ಹಿಂದೆ ಒಂದ್ಸಲ ನನ್ನ ಮೇಲೆ ರೇಗಿದ್ದ. ಚಮಚದ ಡ್ರಾಯರ್‌ನಲ್ಲಿದೆ ನೋಡು. ಹಸಿರು ದೀಪ ಮಿಣುಕ್ ಮಿಣುಕ್ ಅಂತಿತ್ತು, ನೋಡಕ್ಕಾಗ್ದೆ ಒಳಗೆ ಹಾಕಿದೆ. ಈಗ್ಲೂ ಮಿಣುಕ್ತಾನೇ ಇದೆ. ಅದಕ್ಕೇನು ಗೊತ್ತು, ಪಾಪ."

ಒಗೆಯದೆ ಬಿಟ್ಟಿದ್ದರೆ ತಾನು ಆ ಬೆಲ್ಟನ್ನು ಮೂಸಿ ನೋಡಬೇಕೋ ಬೇಡವೋ ಎಂದು ನಿರ್ಧರಿಸಬೇಕಾಗುತ್ತಿತ್ತು. ಅದೊಂದು ಕೆಲಸವನ್ನು ಅತ್ತೆ ಸೋಪಿನ ನೀರಿನಲ್ಲಿ ಮುಗಿಸಿಬಿಟ್ಟಿದ್ದರು. ಅವಳಿಗೆ ಮುದುಕಿಯ ಬಗ್ಗೆ ಸಣ್ಣದೊಂದು ಋಣದ ಭಾವ ಬಂತು, ಬಂದದ್ದು ಗೊತ್ತಾಗುವಷ್ಟು ಮಾತ್ರ. ಅವಳು ಕ್ಲಿಪ್ಪು ತೆಗೆದು ಬೆಲ್ಟನ್ನು ಸುತ್ತಿಕೊಂಡು ಒಳಗೆ ಹೋಗಿ ಡ್ರಾಯರ್ ಎಳೆದಳು. ಚಮಚಗಳ ಪಕ್ಕದಲ್ಲಿ, ಬೆಂಕಿಪೊಟ್ಟಣಕ್ಕಿಂತ ತುಸು ಚಿಕ್ಕದಾದ ಕೆಂಪು ಡಬ್ಬಿ. ಬೆನ್ನ ಮೇಲೆ ಬಿಳಿ ಚೀಟಿಯಲ್ಲಿ ಇಪ್ಪತ್ತೇಳು. ದೀಪ ಒಮ್ಮೆ ಹೊತ್ತಿ ಆರಿತು. ಅಂದರೆ ಹತ್ತು ದಿನಗಳಿಂದಲೂ ಅದು ಬರೆದುಕೊಳ್ಳುತ್ತಲೇ ಇದೆ.

ಅತ್ತೆ ಈ ಕೆಲಸಕ್ಕೆ "ಮಕ್ಕಳ ಸೊಂಟಕ್ಕೆ ಡಬ್ಬಿ ಕಟ್ಟೋ ನೌಕರಿ" ಎಂದು ಹೆಸರಿಟ್ಟಿದ್ದರು. ನೆಂಟರು ಕೇಳಿದರೆ ಹಾಗೆಯೇ ಹೇಳುವರು, ಅವನು ಪಕ್ಕದಲ್ಲೇ ನಿಂತು "ಅಮ್ಮ, ಬಿಚ್ಚೋದೂ ನಾವೇ, ಅದನ್ನೂ ಹೇಳು" ಎನ್ನುವನು. ಶಾಲೆಯ ಬಿಡುವಿನಲ್ಲಿ ಮಕ್ಕಳು ಎಷ್ಟು ಓಡುತ್ತಾರೆ, ಎಷ್ಟು ನಿಲ್ಲುತ್ತಾರೆ, ಎಷ್ಟು ಹೊತ್ತು ಸುಮ್ಮನೆ ಕೂರುತ್ತಾರೆ ಎಂದು ಅಳೆಯುವ ಅಧ್ಯಯನ. ಒಂದೊಂದು ಮಗುವಿಗೆ ಏಳು ದಿನ ಡಬ್ಬಿ. ಅದು ಸೊಂಟದ ಅಲುಗಾಟವನ್ನು ನಿಮಿಷಕ್ಕೊಂದು ಅಂಕಿಯಾಗಿ ಬರೆದಿಡುತ್ತದೆ, ಪಕ್ಕದಲ್ಲಿ ಹೆಜ್ಜೆಗಳ ಲೆಕ್ಕವನ್ನೂ. ಓಡಿದರೆ ಸಾವಿರಗಳು, ನಡೆದರೆ ನೂರುಗಳು, ಕೂತರೆ ಹತ್ತೋ ಇಪ್ಪತ್ತೋ, ಬಿಚ್ಚಿ ಮೇಜಿನ ಮೇಲಿಟ್ಟರೆ ಸೊನ್ನೆ. ಅವನು ಶಾಲೆಗಳಿಗೆ ಹೋಗಿ ಕಟ್ಟುತ್ತಿದ್ದ. ಅವಳು ಆಫೀಸಿನಲ್ಲಿ ಕೂತು ಬಂದ ಅಂಕಿಗಳನ್ನು ಶುಚಿ ಮಾಡುತ್ತಿದ್ದಳು. ಮಕ್ಕಳು ಸ್ನಾನಕ್ಕೆ ಬಿಚ್ಚಿಟ್ಟು ಮರೆಯುತ್ತಾರೆ, ಬೆಲ್ಟು ಕಚ್ಚುತ್ತದೆಂದು ಚೀಲದೊಳಗೆ ತುರುಕುತ್ತಾರೆ. ಆ ವೇಳೆಯನ್ನು ಗುರುತಿಸಿ ತೆಗೆಯದಿದ್ದರೆ ಲೆಕ್ಕವೆಲ್ಲ ಕೆಡುತ್ತದೆ. ಅದಕ್ಕೊಂದು ನಿಯಮವಿತ್ತು. ಸತತ ಇಪ್ಪತ್ತು ನಿಮಿಷ ಸೊನ್ನೆ ಬಂದರೆ ಮಗು ಡಬ್ಬಿ ಧರಿಸಿರಲಿಲ್ಲ ಎಂದರ್ಥ. ಜೀವಂತ ಮಗು ಹಗಲು ಹೊತ್ತಿನಲ್ಲಿ ಇಪ್ಪತ್ತು ನಿಮಿಷ ಅಲುಗದೆ ಕೂರುವುದುಂಟೇ? ಈ ನಿಯಮವನ್ನು ಅವಳು ಬರೆದದ್ದಲ್ಲ, ಜಗತ್ತಿನ ಎಷ್ಟೋ ಕಡೆ ಬಳಕೆಯಲ್ಲಿದ್ದದ್ದು. ಆದರೆ ಅದನ್ನು ಕಂಪ್ಯೂಟರಿಗೆ ಹೇಳಿಕೊಟ್ಟವಳು ಅವಳು. ಹಾಗೆ ತೆಗೆದುಹಾಕಿದವರ ಪಟ್ಟಿಯಲ್ಲಿ ಇಪ್ಪತ್ತೇಳನೆಯ ಡಬ್ಬಿಯ ಹುಡುಗಿಯೂ ಇದ್ದಳು. ಐದು ದಿನವೂ ಬಿಡುವಿನ ವೇಳೆಯೇ ಮಾಯ. ಪ್ರತಿದಿನ ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು ಸೊನ್ನೆಗಳು. ಅವಳು ಷರಾ ಬರೆದಿದ್ದಳು: ಆಟದ ಸಮಯದಲ್ಲಿ ಧರಿಸಿಲ್ಲ, ಕೈಬಿಡಲಾಗಿದೆ.

"ಅವಳು ಧರಿಸಿದ್ಲು," ಎಂದಿದ್ದ ಅವನು. "ನಾನು ಕಣ್ಣಾರೆ ನೋಡಿದೀನಿ. ಅವಳನ್ನ ಎಲ್ಲರೂ ಲಾಕರ್ ಅಂತಾರೆ. ಓಡೋ ಮಕ್ಕಳೆಲ್ಲ ಕನ್ನಡಕ, ವಾಚು, ಕಿವಿಯೋಲೆ, ಬಿದ್ದ ಹಲ್ಲು, ಎಲ್ಲಾ ತಂದು ಅವಳ ಮಡಿಲಿಗೆ ಹಾಕಿ ಹೋಗ್ತಾವೆ. ಅಲುಗಿದರೆ ಬೀಳುತ್ತೆ. ಅದಕ್ಕೆ ಅಲುಗಲ್ಲ. ಅಷ್ಟೇ."

"ನಿಯಮಕ್ಕೆ ಅದು ಗೊತ್ತಾಗಲ್ಲ."

"ನಿನಗೆ ಗೊತ್ತಾಯ್ತಲ್ಲ ಈಗ."

ಒಂದು ಮಗುವಿಗಾಗಿ ನಿಯಮ ಮುರಿದರೆ ನಾಳೆ ಎಲ್ಲರಿಗೂ ಮುರಿಯಬೇಕು ಎಂದು ಅವಳು ಹೇಳಿದ್ದಳು. ಹೇಳಿದ್ದು ತಪ್ಪೇನಲ್ಲ. ಆದರೆ ಹೇಳಿದ ರೀತಿ, ತಟ್ಟೆಯಿಂದ ಕಣ್ಣೆತ್ತದೆ, ಮೇಜಿನ ಕೆಳಗೆ ಕುಣಿಯುತ್ತಿದ್ದ ಅವನ ಕಾಲನ್ನು ತನ್ನ ಕಾಲಿನಿಂದ ತುಳಿದು ನಿಲ್ಲಿಸುತ್ತ. ಅವನು ಛಲಕ್ಕೆ ಬಿದ್ದ. ಹುಡುಗಿಗೆ ಎರಡನೆಯ ಸಲ ಕಟ್ಟಿದ ಡಬ್ಬಿಯನ್ನು ಮಂಗಳವಾರ ಅವಳಿಂದಲೇ ಎರವಲು ಪಡೆದು ತನ್ನ ಸೊಂಟಕ್ಕೆ ಕಟ್ಟಿಕೊಂಡು, ಅವಳ ಹಾಗೆಯೇ ಕೂತು ತೋರಿಸುತ್ತೇನೆ, ಶುಕ್ರವಾರ ಅಂಕಿ ನೋಡು, ಆಮೇಲೆ ಮಾತಾಡು ಎಂದ. ಗುರುವಾರ ರಾತ್ರಿ ಊಟದ ಹೊತ್ತಿಗೆ ಅದೇ ಮಾತು ಮತ್ತೆ ಬಂದಾಗ ಅವಳು "ನಾಟಕ ಸಾಕು" ಅಂದಳು. ಅವನು ಬೆಲ್ಟು ಬಿಚ್ಚದೆಯೇ ಮಲಗಿದ. ಶುಕ್ರವಾರ ಬೆಳಗ್ಗೆ ಅವಳಿಗೆ ಐದಕ್ಕೇ ಎಚ್ಚರವಾಯಿತು. ಅವನ ಕಡೆ ತಿರುಗದೆ ಎದ್ದು ಹೋಗಿ ಅಡುಗೆಮನೆಯ ಮೇಜಿನ ಹತ್ತಿರ ಕೂತಳು. ಆರಕ್ಕೆ ಅವನ ಫೋನಿನ ಅಲಾರಾಂ ಹೊಡೆಯಿತು. ನಿಂತಿತು. ಒಂಬತ್ತು ನಿಮಿಷ ಬಿಟ್ಟು ಮತ್ತೆ ಹೊಡೆಯಿತು. ಹೋಗಿ ಎಬ್ಬಿಸುವುದು ಎಂದಿನ ಅವಳ ಕೆಲಸ. ಆ ದಿನ ಹೋಗಲಿಲ್ಲ. ಹೊಡೆದುಕೊಳ್ಳಲಿ, ತಾನೇ ಏಳಲಿ, ಎಂದುಕೊಂಡಳು. ಮೂರನೆಯ ಸಲ ಹೊಡೆದಾಗ ಅವಳಿಗೆ ಒಂದು ಬಗೆಯ ಖುಷಿಯೂ ಆಗಿತ್ತು. ಆರು ಐವತ್ತೆರಡಕ್ಕೆ ಒಳಗೆ ಹೋದಳು. ನಿದ್ದೆಯಲ್ಲೇ ಹೃದಯ ನಿಂತಿದೆ, ಯಾವಾಗ ಅಂತ ಖಚಿತವಾಗಿ ಹೇಳೋಕಾಗಲ್ಲ, ಎಂದರು ಡಾಕ್ಟರು. ಹೇಳಲಾಗುವುದಿಲ್ಲ ಎಂದು ಎಲ್ಲರೂ ಒಪ್ಪಿಕೊಂಡರು. ಆದರೆ ಅವನ ಸೊಂಟದಲ್ಲಿ ನಿಮಿಷ ನಿಮಿಷಕ್ಕೂ ಲೆಕ್ಕ ಬರೆಯುವ ಡಬ್ಬಿಯಿತ್ತೆಂಬುದು ಅವಳೊಬ್ಬಳಿಗೇ ನೆನಪಿತ್ತು. ಆರಕ್ಕೆ ಅವನು ಅಲುಗಿದ್ದನೇ? ಆರೂ ಒಂಬತ್ತಕ್ಕೆ? ಹಾಗಿದ್ದರೆ ಅವನಿನ್ನೂ ಬದುಕಿದ್ದಾಗ ಅವಳು ಕೂತೇ ಇದ್ದಳು. ಬಂದವರು ಹಿಡಿದುಕೊಂಡು ಅತ್ತಾಗ, ಅವಳು ಕಲ್ಲಿನಂತಿದ್ದಾಳೆ ಎಂದು ಹಿರಿಯರು ಪಿಸುಗುಟ್ಟಿದಾಗ, ಅವಳು ಈ ಡಬ್ಬಿ ಎಲ್ಲಿದೆ ಎಂದು ಯೋಚಿಸುತ್ತಿದ್ದಳು. ಕೇಳಲಿಲ್ಲ, ಕೇಳಿದರೆ ಸಿಗುತ್ತದೆಂದು.

"ಕಾಫಿ ಕುಡ್ಕೊಂಡ್ ಹೋಗು," ಎಂದರು ಅತ್ತೆ. "ಇವತ್ತೇ ಹೋಗ್ಲೇಬೇಕಾ?"

"ಡಬ್ಬಿ ಯಾರದೋ ಅತ್ತೆ. ಅವನು ತಂದಿದ್ದು."

"ಹಾಗಾದ್ರೆ ಕೊಟ್ಟುಬಿಡು. ಇನ್ನೊಬ್ಬರ ವಸ್ತು ಮನೇಲಿ ಯಾಕೆ," ಎಂದರು. ಆಮೇಲೆ ಲೋಟವನ್ನು ಅವಳ ಮುಂದಿಟ್ಟು, ಸಕ್ಕರೆ ಹಾಕಲು ಡ್ರಾಯರ್ ಎಳೆದು, ಚಮಚದ ಪಕ್ಕದ ಖಾಲಿ ಜಾಗವನ್ನು ಒಂದು ಕ್ಷಣ ನೋಡಿ, ಮುಚ್ಚಿದರು.

ಬಸ್ಸಿನಲ್ಲಿ ಅವಳು ಲಾಡಿಯ ಗಂಟು ಬಿಚ್ಚಲು ಹೊರಟಳು. ಒದ್ದೆಯಾಗಿ ಒಣಗಿದ ಗಂಟು ಕಲ್ಲಾಗಿತ್ತು. ಅವನಿಗೆ ಗಂಟು ಹಾಕಲು ಎಂದೂ ಬರುತ್ತಿರಲಿಲ್ಲ, ಒಂದರ ಮೇಲೊಂದು ಮೂರು ಹಾಕಿದರೆ ಅದು ಬಿಗಿ ಎಂದು ತಿಳಿದವನು. ಶೂ ಲೇಸು, ಹಳೆಯ ಪತ್ರಿಕೆಯ ಕಟ್ಟು, ಎಲ್ಲವನ್ನೂ ಅವಳು ಕತ್ತರಿಸಿಯೇ ಬಿಚ್ಚಬೇಕಾಗುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸ್ವಲ್ಪ ಹೊತ್ತು ನೋಡಿ, ಏನೂ ಕೇಳದೆ ತನ್ನ ಜಡೆಯಿಂದ ಒಂದು ಪಿನ್ನು ಕಿತ್ತು ಕೊಟ್ಟಳು. ಪಿನ್ನಿನ ತುದಿಯಿಂದ ಮೊದಲ ಗಂಟು ಸಡಿಲವಾಯಿತು, ಎರಡನೆಯದು ತಾನಾಗಿ ಬಂತು. ಮೂರನೆಯದು ಬರುವಷ್ಟರಲ್ಲಿ ಆ ಹೆಂಗಸಿನ ನಿಲ್ದಾಣ ಬಂದಿತ್ತು. "ಇಟ್ಕೊಳ್ಳಿ, ಇಟ್ಕೊಳ್ಳಿ," ಎಂದು ಇಳಿದು ಹೋದಳು. ಆ ಹೆಂಗಸಿಗೆ ಏನೂ ತಿಳಿದಿರಲಿಲ್ಲ, ತಿಳಿಯದೆ ಕೊಟ್ಟಿದ್ದಳು. ಹತ್ತು ದಿನಗಳಲ್ಲಿ ತಿಳಿದು ಕೊಟ್ಟವರಿಂದ ಏನನ್ನು ತೆಗೆದುಕೊಳ್ಳುವಾಗಲೂ ಅವಳ ಕೈ ಭಾರವಾಗುತ್ತಿತ್ತು. ಈ ಪಿನ್ನು ಭಾರವಿರಲಿಲ್ಲ. ಲಾಡಿಯನ್ನು ಮಡಿಚಿ ಪರ್ಸಿನೊಳಗೆ ಹಾಕಿಕೊಂಡಳು. ಬೆಲ್ಟು ಮತ್ತೆ ಮಗುವಿನ ಅಳತೆಯದಾಯಿತು.

ಆಫೀಸಿನ ಬಾಗಿಲಲ್ಲಿ ವಾಚ್‌ಮನ್ ಎದ್ದು ನಿಂತ. ಊರಿಗೆ ಹೋಗಿ ಹಿಂದಿನ ದಿನವಷ್ಟೇ ವಾಪಸು ಬಂದಿದ್ದ ಎಂದು ಕಾಣುತ್ತದೆ, ಮುಖದಲ್ಲಿ ಇನ್ನೂ ರಜೆ ಇತ್ತು. "ಏನ್ ಮೇಡಂ, ಒಬ್ಬರೇ? ಸಾರ್ ಬರ್ಲಿಲ್ವಾ?"

"ಇವತ್ತಿಲ್ಲ," ಎಂದಳು.

"ಮತ್ತೆ ಮಕ್ಕಳ ಹಿಂದೆ ಓಡೋಕೆ ಹೋದ್ರಾ? ನನಗೂ ಒಂದು ಡಬ್ಬಿ ಕಟ್ತೀನಿ ಅಂದಿದ್ರು. ಕಟ್ಟಿ ಸಾರ್, ದಿನವಿಡೀ ಕುರ್ಚಿ ಎಷ್ಟು ನಡೀತು ಅಂತ ಗೊತ್ತಾಗತ್ತೆ ಅಂದೆ." ತಾನೇ ನಕ್ಕ. ಅವಳೂ ನಕ್ಕಳೆಂದು ಕಾಣುತ್ತದೆ, ತುಟಿ ಎಳೆದ ಅನುಭವವಾಯಿತು. ಲಿಫ್ಟಿನ ಬಾಗಿಲು ಮುಚ್ಚಿತು. ನಾಲ್ಕು ಮಹಡಿ ಹತ್ತುವ ತನಕ ಅವಳ ಗಂಡ ಇವತ್ತು ಮಾತ್ರ ಇಲ್ಲದವನಾಗಿದ್ದ. ಸಂಜೆಯೊಳಗೆ ಯಾರಾದರೂ ವಾಚ್‌ಮನ್‌ಗೆ ಹೇಳುತ್ತಾರೆ, ಅವನು ನಾಳೆ ತಲೆ ತಗ್ಗಿಸಿ ನಿಲ್ಲುತ್ತಾನೆ, ಇವಳು ಸುಳ್ಳು ಹೇಳಿದಳೇಕೆ ಎಂದೂ ಅಂದುಕೊಳ್ಳಬಹುದು. ಆದರೂ ಆ ನಾಲ್ಕು ಮಹಡಿಗಳಷ್ಟು ಹೊತ್ತನ್ನು ಅವಳಿಗೆ ಕೊಟ್ಟವನು ಅವನೇ. ನಾಲ್ಕನೆಯದರಲ್ಲಿ ಬಾಗಿಲು ತೆರೆದಾಗ ಒಳಗಿನ ನಗು ತಟ್ಟನೆ ನಿಂತಿತು. ನಕ್ಕ ಹುಡುಗಿ ಏನೋ ಕದ್ದವಳಂತೆ ಕಂಪ್ಯೂಟರಿನ ಹಿಂದೆ ಮುಖ ಮರೆಸಿಕೊಂಡಳು. ಒಬ್ಬರು ಬಂದು ಅಪ್ಪಿಕೊಂಡರು. ಅವಳ ಎರಡು ಕೈಗಳಲ್ಲೂ ಬೆಲ್ಟು, ಡಬ್ಬಿ, ಪರ್ಸು. ತಿರುಗಿ ಅಪ್ಪಿಕೊಳ್ಳಲಾಗದೆ ಕಂಬದಂತೆ ನಿಂತಳು. ಅವನ ಮೇಜು ಖಾಲಿಯಾಗಿತ್ತು. ಯಾರೋ ಒರೆಸಿಯೂ ಇದ್ದರು. ಅವನ ಕಪ್ಪನ್ನು ತೊಳೆದು ಬೋರಲು ಹಾಕಿದ್ದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು.

ಉಪಕರಣಗಳ ಕೋಣೆಯಲ್ಲಿ ಸ್ಟೋರಕ್ಕ ಇದ್ದರು. ಎಲ್ಲರೂ ಕರೆಯುವುದು ಹಾಗೆಯೇ. ನಿವೃತ್ತಿಗೆ ಒಂದು ವರ್ಷವಿದ್ದ ದಪ್ಪ ಹೆಂಗಸು, ಡಬ್ಬಿಗಳನ್ನು ಸ್ವಂತ ಮರಿಗಳ ಹಾಗೆ ಎಣಿಸುವವರು. ಕನ್ನಡಕದ ಮೇಲಿನಿಂದ ನೋಡಿದರು.

"ಬಂದೆಯಾ. ಕೂತ್ಕೋ. ಇಪ್ಪತ್ತೇಳು ಬಂದಿಲ್ಲ ನೋಡಮ್ಮ."

ಅಷ್ಟೇ. ಮೊದಲ ಮಾತೇ ಅದು. ಬಾಗಿಲ ಹೊರಗೆ ಯಾರೋ "ಅಕ್ಕಾ, ಇವತ್ತು ಬೇಡ" ಎಂದು ಗದರಿದ್ದು ಕೇಳಿತು. ಸ್ಟೋರಕ್ಕ ಅತ್ತ ತಿರುಗಲೂ ಇಲ್ಲ. ಹತ್ತು ದಿನಗಳಲ್ಲಿ ಅವಳಿಂದ ಯಾರೂ ಏನನ್ನೂ ಕೇಳಿರಲಿಲ್ಲ.

"ತಂದಿದೀನಿ ಅಕ್ಕ," ಎಂದು ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

ಸ್ಟೋರಕ್ಕ ರಿಜಿಸ್ಟರನ್ನು ಅವಳ ಕಡೆ ತಿರುಗಿಸಿದರು. ಇಪ್ಪತ್ತೇಳರ ಮುಂದೆ ಅವನ ಅಕ್ಷರ, ಇರುವೆ ಸಾಲಿನಂತೆ ಮೇಲಕ್ಕೇರುವುದು. *ಮಗುವಿನಿಂದ ಎರವಲು ಪಡೆದಿದ್ದೇನೆ. ಶುಕ್ರವಾರ ಮಗುವಿಗೇ ಹಿಂತಿರುಗಿಸುತ್ತೇನೆ.* ಅದರ ಕೆಳಗೆ, ಇನ್ನೂ ಸಣ್ಣದಾಗಿ: *ಅವಳು ಕೂತಿದ್ದಾಳೆ. ಆಡುತ್ತಿದ್ದಾಳೆ. ಎರಡೂ ನಿಜ.*

"ನಮ್ಮ ರಿಜಿಸ್ಟರ್‌ನಲ್ಲಿ ಇಂಥಾದ್ದೆಲ್ಲ ಬರೀಬಾರ್ದು ಅಂತ ಬೈದಿದ್ದೆ," ಎಂದರು ಸ್ಟೋರಕ್ಕ. "ಕೇಳಲಿಲ್ಲ. ಈಗ ಕೇಳು. ಇವತ್ತು ಸೋಮವಾರ. ಇವತ್ತು ಆ ಹುಡುಗಿಗೆ ಕಟ್ಟಿದ್ರೆ ರಜಕ್ಕೆ ಶಾಲೆ ಮುಚ್ಚೋದ್ರೊಳಗೆ ಏಳು ದಿನ ಆಗತ್ತೆ. ಇಲ್ಲಾಂದ್ರೆ ಅವಳು ಪಟ್ಟಿಯಿಂದ ಹೊರಗೆ. ಬೇರೆ ಯಾರನ್ನಾದ್ರೂ ಕಳಿಸ್ತೀನಿ. ನೀನು ಇದನ್ನ ಖಾಲಿ ಮಾಡಿ ಕೊಡು, ಸಾಕು."

"ನಾನೇ ಹೋಗ್ತೀನಿ."

"ನೀನು ಯಾವತ್ತಾದ್ರೂ ಕಟ್ಟಿದೀಯಾ ಮಕ್ಕಳಿಗೆ?"

"ಇಲ್ಲ."

"ಹಾಗಾದ್ರೆ ಕಲ್ತ್ಕೋ," ಎಂದು ಸ್ಟೋರಕ್ಕ ಡಬ್ಬಿಯನ್ನು ಅವಳ ಅಂಗೈಯಲ್ಲಿಟ್ಟು, ಆ ಅಂಗೈಯನ್ನು ಹಾಗೆಯೇ ತಮ್ಮ ಎರಡು ಕೈಗಳ ನಡುವೆ ಮುಚ್ಚಿ ಒಂದು ಗಳಿಗೆ ಹಿಡಿದುಕೊಂಡು, ಬಿಟ್ಟು, ಮತ್ತೆ ಎಣಿಸತೊಡಗಿದರು.

ಖಾಲಿ ಮಾಡುವುದೆಂದರೆ ಡಬ್ಬಿಯನ್ನು ತಂತಿಯಿಂದ ಕಂಪ್ಯೂಟರಿಗೆ ಸೇರಿಸಿ, ಹೊಸ ಮಗುವಿನ ಸಂಖ್ಯೆ, ಎತ್ತರ, ತೂಕ ತುಂಬಿ ಗುಂಡಿ ಒತ್ತುವುದು. ಹಳೆಯದೆಲ್ಲ ಅಳಿಸಿಹೋಗುತ್ತದೆ. ದಿನಕ್ಕೆ ನಲವತ್ತು ಡಬ್ಬಿಗೆ ಹೀಗೆ ಮಾಡಿದ್ದುಂಟು. ಅವಳು ತನ್ನ ಮೇಜಿಗೆ ಬಂದು ತಂತಿ ಸಿಕ್ಕಿಸಿದಳು. ಪರದೆಯ ಮೇಲೆ ಎಂದಿನ ಪ್ರಶ್ನೆ ಬಂತು: ಈ ಉಪಕರಣದಲ್ಲಿ ಓದದ ದಾಖಲೆ ಇದೆ. ಉಳಿಸಬೇಕೇ, ಅಳಿಸಬೇಕೇ? ಮಧ್ಯದಲ್ಲಿ ಬೇರೆ ದಾರಿಯಿರಲಿಲ್ಲ. ಅಳಿಸಿದರೆ ಡಾಕ್ಟರು ಹೇಳಿದ್ದೇ ಕೊನೆಯ ಮಾತು, ಯಾರಿಗೂ ತಿಳಿಯುವುದಿಲ್ಲ, ತನಗೂ. ಹಾಗೆ ಎಷ್ಟು ವರ್ಷ? ಅಲಾರಾಂ ಕೇಳಿದಾಗಲೆಲ್ಲ, ಯಾರದ್ದೋ ಮನೆಯಲ್ಲಿ, ಬಸ್ಸಿನಲ್ಲಿ. ಉಳಿಸಿದರೆ ಒಂದು ಸಾಲಿನಲ್ಲಿ ಒಂದು ಅಂಕಿ ಸಿಗುತ್ತದೆ. ಸೊನ್ನೆಯಲ್ಲದ ಒಂದು ಅಂಕಿ, ಆರೂ ಒಂಬತ್ತರ ಎದುರಿಗೆ. ಆಮೇಲೆ ಅದರ ಜೊತೆ ಬಾಳಬೇಕು. ಹೆದರಿಕೆಯಾಗಲಿಲ್ಲ, ಹೆದರಿಕೆ ಆಗಬೇಕಾದ ಜಾಗ ಮರಗಟ್ಟಿತ್ತು. ಉಳಿಸು ಎಂದು ಒತ್ತಿದಳು.

ಸಾಲುಗಳು ಇಳಿದವು. ಅವಳು, ಅವನು ಕಟ್ಟಿಕೊಂಡಲ್ಲಿಂದಲೇ ಓದಿದಳು, ಕೊನೆಗೆ ಹಾರುವ ಧೈರ್ಯವಿಲ್ಲದೆ. ಮಂಗಳವಾರ ಮಧ್ಯಾಹ್ನ ನೂರುಗಳು, ಅವನು ಶಾಲೆಯಿಂದ ನಡೆದು ಬಂದದ್ದು. ಬುಧವಾರದ ಬಿಡುವು. ಹುಡುಗಿಯ ಪಕ್ಕದಲ್ಲಿ ಅಲುಗದೆ ಕೂತು ತೋರಿಸುತ್ತೇನೆ ಎಂದವನ ಅಂಕಿಗಳು: ಹದಿನಾಲ್ಕು, ಸೊನ್ನೆ, ಮೂವತ್ತೊಂದು, ಒಂಬತ್ತು, ಸೊನ್ನೆ, ನಲವತ್ತು. ಕಾಲು ಕುಣಿಸುತ್ತಿದ್ದಾನೆ. ಗುರುವಾರದ ಬಿಡುವಿನಲ್ಲಿ ಸತತವಾಗಿ ನಾಲ್ಕು ಸೊನ್ನೆ, ಅದೇ ಅವನ ದಾಖಲೆ, ಐದನೆಯ ನಿಮಿಷಕ್ಕೆ ನೂರಾ ಎರಡು. ಇವಳಿಗೆ ತೋರಿಸಲು ಹೊರಟವನು ಇದನ್ನು ಹೇಗೆ ತೋರಿಸುತ್ತಿದ್ದ? ಮುಖ ಸಪ್ಪಗೆ ಮಾಡಿಕೊಂಡು, ನನ್ನಿಂದಾಗಲಿಲ್ಲ, ಆ ಹುಡುಗಿ ಋಷಿ ಮಾರಾಯ್ತಿ, ಅನ್ನುತ್ತಿದ್ದ. ಗುರುವಾರ ರಾತ್ರಿ ಊಟದ ನಂತರ ಕೋಣೆಯ ತುಂಬ ಹೆಜ್ಜೆಗಳು, ಜಗಳದ ಹೆಜ್ಜೆಗಳು, ಬಾಗಿಲಿನಿಂದ ಕಪಾಟಿಗೆ, ಕಪಾಟಿನಿಂದ ಬಾಗಿಲಿಗೆ. ಹನ್ನೊಂದೂ ನಲವತ್ತರಿಂದ ಸೊನ್ನೆ. ಸೊನ್ನೆಗಳ ಇಪ್ಪತ್ತನೆಯ ಸಾಲು ಬರುತ್ತಲೇ, ಅವಳೇ ಕಲಿಸಿಕೊಟ್ಟ ಪ್ರಕಾರ, ಎಲ್ಲ ಬೂದು ಬಣ್ಣಕ್ಕೆ ತಿರುಗಿತು. ಧರಿಸಿಲ್ಲ.

ಬೂದು ಸಾಲುಗಳ ನಡುವೆ ನಾಲ್ಕೂ ಹದಿನಾರಕ್ಕೆ ಬಿಳಿಯದೊಂದು ಸಾಲು. ಇನ್ನೂರ ಹನ್ನೆರಡು. ಹೆಜ್ಜೆ ಹನ್ನೊಂದು. ನಾಲ್ಕೂ ಹದಿನೇಳು: ಹೆಜ್ಜೆ ಹನ್ನೆರಡು. ಆಮೇಲೆ ಮತ್ತೆ ಸೊನ್ನೆ. ಮಗ್ಗುಲು ಬದಲಿಸಿದ್ದಲ್ಲ, ಎದ್ದು ನಡೆದಿದ್ದಾನೆ. ಬಚ್ಚಲಿಗಾದರೆ ಇಪ್ಪತ್ತರ ಮೇಲೆ ಬೇಕು, ಹೋಗಲಿಕ್ಕೇ. ಅಡುಗೆಮನೆಗೆ ಅದಕ್ಕಿಂತ ಹೆಚ್ಚು. ಹನ್ನೊಂದು ಹೆಜ್ಜೆಗೆ ಏನಿದೆ? ಅವಳು ಕಣ್ಣು ಮುಚ್ಚಿ ಅವನ ಬದಿಯಿಂದ ಎದ್ದು ಮಂಚದ ಕಾಲ ಕಡೆಯಿಂದ ಸುತ್ತಿ ಬಂದಳು. ತನ್ನದೇ ಬದಿಗೆ ಬಂದು ನಿಂತಳು. ಕಿಟಕಿ. ಆ ರಾತ್ರಿ ಸಿಟ್ಟಿನ ಸೆಕೆಗೆ ಅದನ್ನು ಪೂರ್ತಿ ತೆರೆದಿಟ್ಟು ಮಲಗಿದ್ದು ಅವಳು. ಐದಕ್ಕೆ ಏಳುವಾಗ ಅದು ಮುಚ್ಚಿತ್ತು, ಚಿಲಕವೂ ಹಾಕಿತ್ತು. ಮುಚ್ಚಿದ್ದನ್ನು ಕಣ್ಣು ಕಂಡಿತ್ತು, ಮನಸ್ಸು ತೆಗೆದುಕೊಂಡಿರಲಿಲ್ಲ. ಬೆಳಗಿನ ಜಾವದ ಚಳಿ ಅವಳ ಮೇಲೆ ಬೀಳುತ್ತಿದ್ದುದು ಅವನಿಗೆ ಗೊತ್ತಾಗಿ, ಎದ್ದು, ಸುತ್ತಿ ಬಂದು, ಮುಚ್ಚಿ, ಹಿಂದಿರುಗಿ ಮಲಗಿದ್ದಾನೆ. ಹೋಗುವಾಗ ಹನ್ನೊಂದು, ಬರುವಾಗ ಹನ್ನೆರಡು. ಎಬ್ಬಿಸಲಿಲ್ಲ. ಬೆಳಗ್ಗೆ ಹೇಳಿಕೊಳ್ಳುತ್ತಲೂ ಇರಲಿಲ್ಲ.

ಅವಳು ಬಹಳ ಹೊತ್ತು ಆ ಎರಡು ಸಾಲುಗಳನ್ನು ನೋಡಿದಳು. ಆಮೇಲೆ ಕೆಳಗಿಳಿದಳು. ಐದು, ಸೊನ್ನೆ. ಆರು, ಸೊನ್ನೆ. ಆರೂ ಒಂಬತ್ತು, ಸೊನ್ನೆ. ಆರೂ ಹದಿನೆಂಟು, ಸೊನ್ನೆ. ಹಾಗಾದರೆ ಆರಕ್ಕೆ ಮೊದಲೇ... ಎಂದು ಮನಸ್ಸು ಓಡಿತು, ತಕ್ಷಣ ನಿಂತಿತು. ಹಿಂದಿನ ರಾತ್ರಿಯ ಮೂರು ಗಂಟೆಗೂ ಸೊನ್ನೆಯೇ, ಆಗ ಅವನು ಗೊರಕೆ ಹೊಡೆಯುತ್ತಿದ್ದ. ಅದರ ಹಿಂದಿನ ಬೆಳಗ್ಗೆ ಅಲಾರಾಂ ಹೊಡೆದಾಗಲೂ ಸೊನ್ನೆ, ಅವಳು ಬಂದು ಎಬ್ಬಿಸುವ ತನಕ. ಮಲಗಿದವನಿಗೂ ಸೊನ್ನೆ, ಸತ್ತವನಿಗೂ ಸೊನ್ನೆ, ಮೇಜಿನ ಮೇಲಿಟ್ಟ ಡಬ್ಬಿಗೂ ಅದೇ. ಹೊಸದಾಗಿ ಸೇರುವವರಿಗೆ ಮೊದಲ ದಿನವೇ ಅವಳು ಹೇಳಿಕೊಡುತ್ತಿದ್ದ ಪಾಠ: ಇದು ಅಲುಗಾಟವನ್ನು ಅಳೆಯುತ್ತದೆ, ಮತ್ತೇನನ್ನೂ ಅಲ್ಲ. ಹತ್ತು ದಿನ ಅದನ್ನು ಮರೆತು, ಸೊನ್ನೆಯೊಳಗೆ ಸಾಕ್ಷಿ ಇದೆಯೆಂದು ನಡುಗಿದ್ದಳು. ಲೆಕ್ಕ ತಿಳಿದ ಯಾರೂ ಇಂಥ ತಪ್ಪು ಮಾಡುತ್ತಿರಲಿಲ್ಲ. ಡಬ್ಬಿ ಅವಳನ್ನು ಬಿಡಿಸಲೂ ಇಲ್ಲ, ಹಿಡಿದುಕೊಡಲೂ ಇಲ್ಲ. ಅಲಾರಾಂ ಹೊಡೆದದ್ದು, ಅವಳು ಕೂತದ್ದು ಹಾಗೆಯೇ ಉಳಿಯಿತು. ಅದರ ಪಕ್ಕದಲ್ಲಿ ಈಗ ಇಪ್ಪತ್ತಮೂರು ಹೆಜ್ಜೆಗಳೂ ಇದ್ದವು.

ಆರೂ ಐವತ್ತೆರಡರ ಎದುರಿಗೆ ಸಾವಿರದ ಒಂಬೈನೂರು. ಆ ಸಾಲನ್ನು ಮತ್ತೊಮ್ಮೆ ಓದಿದಳು. ಆಮೇಲೆ ಅರ್ಥವಾಯಿತು: ಅವು ತನ್ನ ಕೈಗಳು, ಅವನ ಭುಜ ಹಿಡಿದು ಅಲುಗಿಸುತ್ತಿದ್ದದ್ದು. ಡಬ್ಬಿ ಅದನ್ನು ಒಂಬತ್ತು ಹೆಜ್ಜೆ ಎಂದು ಬರೆದುಕೊಂಡಿತ್ತು. ಆಮೇಲೆ ಮೆಟ್ಟಿಲು ಇಳಿಸಿದ್ದು, ಆಂಬುಲೆನ್ಸಿನ ನಡುಕ, ಉದ್ದನೆಯ ಬೂದು. ಅದರ ನಂತರ ದಿನಕ್ಕೆ ಹತ್ತಾರು ಸಲ ಚಿಕ್ಕ ಚಿಕ್ಕ ಅಂಕಿಗಳು, ಹನ್ನೆರಡು, ಎಂಟು, ಹದಿನೈದು. ಮೊ‌ದಲು ಗೊತ್ತಾಗಲಿಲ್ಲ. ಚಮಚದ ಡ್ರಾಯರ್. ಬಂದವರಿಗೆಲ್ಲ ಕಾಫಿ ಕೊಡಲು ಅತ್ತೆ ಎಳೆದು ಮುಚ್ಚಿ, ಎಳೆದು ಮುಚ್ಚಿ. ಅವಳು ಕೋಣೆಯ ಮೂಲೆಯಲ್ಲಿ ಕಲ್ಲಾಗಿ ಕೂತಿದ್ದ ಹತ್ತು ದಿನ ಆ ಮನೆಯಲ್ಲಿ ನಡೆದ ಕೆಲಸವೆಲ್ಲ ಅಲ್ಲಿತ್ತು. ನಸುಕಿನ ಐದೂವರೆಗೇ ಶುರು. ಮಗನನ್ನು ಕಳೆದುಕೊಂಡವರು ಅವರೂ ಹೌದಲ್ಲವೇ? ಅವಳು ಪರದೆಯನ್ನು ಕೈಯಿಂದ ಮುಟ್ಟಿದಳು. ಕಣ್ಣು ಒದ್ದೆಯಾಗಿತ್ತೆಂದು ಮೂಗು ಸೋರಿದ ಮೇಲೆ ತಿಳಿಯಿತು. ಹಿಂದಿನ ಕುರ್ಚಿಯ ಹುಡುಗಿ, ಆಗ ನಕ್ಕವಳು, ಟಿಶ್ಯೂ ಡಬ್ಬವನ್ನು ಸದ್ದಿಲ್ಲದೆ ಮೇಜಿನ ತುದಿಗೆ ತಳ್ಳಿದಳು. "ಥ್ಯಾಂಕ್ಸ್," ಎಂದಳು ಅವಳು, ತಿರುಗಿ, ಮುಖ ತೋರಿಸಿಯೇ.

ಪಟ್ಟಿ ತೆರೆದು ಇಪ್ಪತ್ತೇಳರ ಮುಂದಿನ ಷರಾ ಅಳಿಸಿ ಬರೆದಳು: ಧರಿಸಿದ್ದಳು. ನೋಡಿದವರಿದ್ದಾರೆ. ಹೊಸ ಏಳು ದಿನ ತುಂಬಿದಳು, ಎತ್ತರ, ತೂಕ. ಗುಂಡಿ ಒತ್ತಿದಳು. ಡಬ್ಬಿ ಖಾಲಿಯಾಯಿತು.

ಶಾಲೆ ಮೂರು ಬೀದಿ ಆಚೆ. ಅವನ ಬಾಯಲ್ಲಿ ನೂರು ಸಲ ಕೇಳಿದ್ದ ಮೈದಾನ ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು. ಬಿಡುವಿನ ಗಂಟೆ ಆಗಷ್ಟೇ ಹೊಡೆದಿತ್ತು. ಕೂಗು, ಧೂಳು, ಒಂದಕ್ಕೊಂದು ಡಿಕ್ಕಿ ಹೊಡೆಯುವ ಅಂಕಿಗಳು, ಐದು ವರ್ಷ ಅವಳು ಪರದೆಯ ಮೇಲೆ ಶುಚಿ ಮಾಡಿದ್ದ ಸಾವಿರಗಳು, ಮೊಣಕಾಲು ತರಚಿಕೊಂಡು, ಮೂಗು ಸುರಿಸಿಕೊಂಡು. ಮೆಟ್ಟಿಲ ಮೇಲೆ ಎಂಟೊಂಬತ್ತು ವರ್ಷದ ಹುಡುಗಿ ಮೊಣಕಾಲು ಜೋಡಿಸಿ ನೆಟ್ಟಗೆ ಕೂತಿದ್ದಳು. ಮಡಿಲಲ್ಲಿ ಆಗಲೇ ಮೂರು ಕನ್ನಡಕ, ಒಂದು ವಾಚು, ಕಾಗದದಲ್ಲಿ ಸುತ್ತಿದ ಏನೋ. ಯಾರೆಂದು ಕೇಳಬೇಕಾಗಲಿಲ್ಲ.

"ನೀವು ಸಾರ್ ಮನೆಯವರಾ?" ಎಂದಳು ಹುಡುಗಿ, ತಲೆ ಮಾತ್ರ ಎತ್ತಿ. "ಅದು ನನ್ ಡಬ್ಬಿ."

"ಹೌದು. ವಾಪಸು ಕೊಡೋಕೆ ಬಂದೆ. ತಡವಾಯ್ತು."

"ಶುಕ್ರವಾರ ಕೊಡ್ತೀನಿ ಅಂದಿದ್ರು. ಆಮೇಲೆ ಟೀಚರ್ ಹೇಳಿದ್ರು ಸಾರ್ ಸತ್ತೋದ್ರು ಅಂತ. ಅದಕ್ಕೇ ನಾನು ಕೇಳಿ ಕಳಿಸ್ಲಿಲ್ಲ."

"ಒಳ್ಳೇದಾಯ್ತು," ಎಂದು ಅವಳು ಪಕ್ಕದಲ್ಲಿ ಕೂತಳು. "ಅಂದ್ರೆ, ತಾಳಿಕೊಂಡಿದ್ದು ಒಳ್ಳೇದಾಯ್ತು."

"ಸಾರ್ ನನ್ ಥರ ಕೂತಿದ್ದು ಡಬ್ಬೀಲಿ ಬಂತಾ? ಎಷ್ಟು ಬಂತು?"

"ನಾಲ್ಕು ನಿಮಿಷ."

"ಅಷ್ಟೇನಾ!" ಹುಡುಗಿಯ ಹಲ್ಲೆಲ್ಲ ಕಂಡವು, ಮಡಿಲು ಮಾತ್ರ ಅಲುಗಲಿಲ್ಲ. "ಕಾಲು ಕುಣಿಸ್ತಾನೇ ಇದ್ರು. ಸಾರ್ ಸುಮ್ನಿರಿ, ಕನ್ನಡಕ ಬೀಳತ್ತೆ ಅಂತ ನಾನೇ ಬೈದೆ. ಒಂದು ಬಿದ್ದೂ ಬಿತ್ತು."

ಅಷ್ಟರಲ್ಲಿ ಜಡೆ ಬಿಚ್ಚಿಹೋದ ಒಬ್ಬಳು ಓಡಿ ಬಂದು, ಇಬ್ಬರನ್ನೂ ನೋಡಿ, ಲಾಕರ್ ತುಂಬಿದೆ ಎಂದುಕೊಂಡಳೋ ಏನೋ, ಎರಡು ಬಳೆಗಳನ್ನು ಇವಳ ಮಡಿಲಿಗೆ ಹಾಕಿ ಓಡಿಹೋದಳು. ಇವಳು ಬೆಚ್ಚಿ ಮೊಣಕಾಲು ಜೋಡಿಸಿದಳು.

"ನೀನು ಆಡಲ್ವಾ?" ಎಂದು ಕೇಳಿದಳು.

"ಆಡ್ತಾನೇ ಇದೀನಲ್ಲ," ಎಂದಳು ಹುಡುಗಿ, ಇಂಥ ಪ್ರಶ್ನೆಗೆ ಇನ್ನೇನು ಹೇಳುವುದೆಂಬಂತೆ. "ಕಟ್ಟಿಬಿಡಿ ಬೇಗ. ನನಗೆ ಕೈ ಖಾಲಿ ಇಲ್ಲ."

ಅವಳು ಬಳೆಗಳನ್ನು ತನ್ನ ಕೈಗೇ ಏರಿಸಲು ನೋಡಿ, ಹಿಡಿಸದೆ, ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಹುಡುಗಿಯ ಹಿಂದಿನ ಮೆಟ್ಟಿಲಿಗೆ ಮೊಣಕಾಲೂರಿದಳು. ಬೆಲ್ಟನ್ನು ಸೊಂಟದ ಸುತ್ತ ತಂದು ಕೊಂಡಿ ಹಾಕಿದಳು. ಡಬ್ಬಿಯನ್ನು ಬಲಗಡೆಯ ಎಲುಬಿನ ಮೇಲೆ ಕೂರಿಸಿದಳು, ಅಂಕಿಗಳಿಂದ ಆ ಜಾಗ ಅವಳಿಗೆ ಗೊತ್ತಿತ್ತು. ಹಸಿರು ದೀಪ ಒಮ್ಮೆ ಹೊತ್ತಿತು.

"ಬಿಗಿ ಆಯ್ತು. ಸಾರ್ ಎರಡು ಬೆರಳು ಹೋಗೋಷ್ಟು ಬಿಡ್ತಿದ್ರು. ಹಾಕಿ ನೋಡ್ತಿದ್ರು."

ಸಡಿಲ ಮಾಡಿ ಅವಳು ಎರಡು ಬೆರಳನ್ನು ಬೆಲ್ಟಿನೊಳಗೆ ತೂರಿಸಿದಳು. ಅಂಗಿಯ ಬಟ್ಟೆ ಬಿಸಿಯಾಗಿತ್ತು. ಹುಡುಗಿ ಮೈದಾನದ ಕಡೆ ಕಣ್ಣು ನೆಟ್ಟು, ಯಾರಾದರೂ ದೂರದಿಂದ ನೋಡಿದರೆ ಗೊಂಬೆ ಎನ್ನುವಷ್ಟು ನಿಶ್ಚಲವಾಗಿ ಕೂತಿದ್ದಳು. ಬೆರಳುಗಳ ಕೆಳಗೆ ಮಾತ್ರ ಹೊಟ್ಟೆ ಉಬ್ಬಿ ಬೆಲ್ಟನ್ನು ಒತ್ತಿತು, ಇಳಿಯಿತು, ಮತ್ತೆ ಒತ್ತಿತು. ಡಬ್ಬಿ ಇದನ್ನು ಸೊನ್ನೆ ಎಂದು ಬರೆದುಕೊಳ್ಳುತ್ತಿರುತ್ತದೆ. ಅವಳು ಕೈ ತೆಗೆಯಲಿಲ್ಲ.

"ಸರಿಯಾಯ್ತಾ?" ಎಂದಳು ಹುಡುಗಿ.

"ಸರಿಯಾಗಿದೆ," ಎಂದಳು ಅವಳು. "ಇನ್ನೊಂದು ನಿಮಿಷ."